ಅರಸಾಳಿನಲ್ಲಿ ಗಾಡಿ ನಿಲ್ಲುತ್ತದೆಯೇ?

ನಮ್ಮ ಬೇಲಿಯಾಚೆಯ ರಾಯರು ರಿಟೈರಾದದ್ದು ಅಂಚೆ ಇಲಾಖೆಯಿಂದ. ಆದರೆ ರೈಲಿನ ವಿಷಯ ಬಂತೆಂದರೆ ರೈಲ್ವೆ ಮಂಡಳಿಯವರೇ ಬಂದು ಇವರ ಜಗಲಿಯಲ್ಲಿ ಕೂತು ಸಲಹೆ ಕೇಳಬೇಕು, ಅಂಥ ಗತ್ತು. ಸಾಗರದಲ್ಲಿ ಇದು ಅವರೊಬ್ಬರ ಕಾಯಿಲೆಯೇನಲ್ಲ. ತಾಳಗುಪ್ಪದ ಕಡೆಯಿಂದ ಗಾಡಿ ಕೂಗಿದರೆ ಅಡಿಕೆ ಸುಲಿಯುತ್ತ ಕೂತವರೂ ತಲೆಯೆತ್ತಿ "ಇವತ್ತು ಲೇಟು" ಅನ್ನುತ್ತಾರೆ. ಲೇಟಾದರೆ ನಿಮಗೇನು ನಷ್ಟ ಅಂತ ಮಾತ್ರ ಕೇಳಬಾರದು.

ಮೊನ್ನೆ ದಾಸವಾಳದ ಬೇಲಿಯ ಮೇಲಿಂದ ಕುತ್ತಿಗೆ ಚಾಚಿದರು. "ಎಂತ ಮಾರಾಯ, ಅರಸಾಳಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದಾರಲ್ಲ, ಮೊಮ್ಮಕ್ಕಳು ರಜಕ್ಕೆ ಬರ್ತಾವೆ, ತೋರಿಸ್ಕೊಂಡು ಬರನ ಅಂತ. ಕಾರು ಮಾಡದಾ, ರೈಲಿಗೆ ಹೋಗದಾ?"

"ರೈಲ್ವೆ ಸ್ಟೇಷನ್ ನೋಡಕ್ಕೆ ಯಾರಾದ್ರೂ ಕಾರಲ್ಲಿ ಹೋಗ್ತಾರಾ ರಾಯರೇ?"

"ಹೋಗದಲ್ದೆ ಇನ್ನೆಂತ? ಗಾಡಿ ಅಲ್ಲಿ ನಿಲ್ಬೇಕಲ್ಲ!"

ಈ ಒಂದು ಮಾತಿಗೆ ಎರಡೂ ಮನೆಯ ಬೆಳಗಿನ ಕೆಲಸ ಕೆಟ್ಟಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಒಂಟಿ ಹಳಿಯಲ್ಲಿ, ಕುಂಸಿ ದಾಟಿ ಕಾಡಿನ ನಡುವೆ ಸಾಗಿದರೆ ಅರಸಾಳು ಸಿಗುತ್ತದೆ. ಹೊಸನಗರ ತಾಲೂಕಿನ ಊರು. ಹತ್ತಿರದ ಪೇಟೆ ರಿಪ್ಪನ್‌ಪೇಟೆ. ವೈಸ್‌ರಾಯ್ ರಿಪ್ಪನ್ನನ ಹೆಸರು ಹೊತ್ತ ಪೇಟೆ ಅದು, ಆದರೆ ರೈಲು ಅದಕ್ಕೆ ದಕ್ಕಲಿಲ್ಲ, ಅರಸಾಳಿಗೆ ದಕ್ಕಿತು. ಮುಂದೆ ಕೆಂಚನಾಲ. ಮಾರಿಕಾಂಬೆಯ ಜಾತ್ರೆ ವರ್ಷಕ್ಕೆ ಎರಡು ಸಲ ನಡೆಯುವ ಊರು ಅದು. ಆಮೇಲೆ ಆನಂದಪುರ, ನಮ್ಮ ಸಾಗರ, ಕೊನೆಗೆ ತಾಳಗುಪ್ಪ. ಅಲ್ಲಿಗೆ ಹಳಿ ಮುಗಿಯಿತು. ತಾಳಗುಪ್ಪದಿಂದ ಹೊನ್ನಾವರಕ್ಕೆ ಇಳಿಸುತ್ತೇವೆ, ಸಿರಸಿ ಮೇಲೆ ಹುಬ್ಬಳ್ಳಿಗೆ ಒಯ್ಯುತ್ತೇವೆ ಅನ್ನುವ ಮಾತು ನಮ್ಮ ಅಜ್ಜಂದಿರೂ ಕೇಳಿದ್ದರು, ನಾವೂ ಕೇಳುತ್ತಿದ್ದೇವೆ. ಸರ್ವೆ ಮಾತ್ರ ಯಾವತ್ತೂ ನಿಲ್ಲದೆ ಓಡುತ್ತಿರುವ ಗಾಡಿ.

ಈ ದಾರಿ ಒಂದೇ ಏಟಿಗೆ ಆದದ್ದಲ್ಲ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿತ್ತು. ಮುಂದಿನ ಕಾಡಿಗೆ ಕೈ ಹಾಕಲು ಮೈಸೂರು ಸಂಸ್ಥಾನ ಮೂವತ್ತು ವರ್ಷ ಯೋಚಿಸಿತು. 1930ರ ದಶಕದಲ್ಲಿ ತುಂಡು ತುಂಡಾಗಿ ಹಳಿ ಮುಂದೆ ಸರಿದು, 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ನಮ್ಮನ್ನು ಶಿವಮೊಗ್ಗ ಪೇಟೆಗೆ ಕರೆದೊಯ್ಯಲು ಅಷ್ಟು ಕಷ್ಟಪಟ್ಟರು ಅಂತ ರಾಯರು ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ತೇಗ, ಬೀಟೆ, ಹೊನ್ನೆ ಇತ್ತು. ಕುಂಸಿಯಲ್ಲಿ ಮ್ಯಾಂಗನೀಸ್ ಅದಿರು ಇತ್ತು. ಆಚೆ ತುದಿಯಲ್ಲಿ ಜೋಗ ಇತ್ತು. ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟು ಕಟ್ಟಿ ಜೋಗದಲ್ಲಿ ವಿದ್ಯುತ್ ತೆಗೆಯುವ ಯೋಜನೆಗೆ 1939ರಲ್ಲಿ ಅಡಿಗಲ್ಲು ಬಿತ್ತು, 1948ರಲ್ಲಿ ಕರೆಂಟು ಹರಿಯಿತು. ಅಷ್ಟು ದೊಡ್ಡ ಯಂತ್ರಗಳನ್ನು ಎತ್ತಿನ ಗಾಡಿಯಲ್ಲಿ ಹೊರಲಾದೀತೇ? ದಿಮ್ಮಿಗೆ, ಅದಿರಿಗೆ, ಯಂತ್ರಕ್ಕೆ ಅಂತ ಹಾಸಿದ ಹಳಿ. ಅದರ ಮೇಲೆ ನಾವೂ ಹತ್ತಿಕೊಂಡೆವು, ಅಷ್ಟೆ.

"ನೀ ಹೇಳದು ಕೇಳಿದ್ರೆ ನಮ್ಮಪ್ಪ ದಿಮ್ಮಿ ಸಂಗ್ತಿ ಪ್ರಯಾಣ ಮಾಡಿದ್ದು ಅಂತಾತು" ಎಂದರು ರಾಯರು, ಸ್ವಲ್ಪ ಬೇಸರದಲ್ಲಿ.

ಅದೇನೇ ಇರಲಿ, ನನಗೆ ತಮಾಷೆ ಅನ್ನಿಸುವುದು ಇನ್ನೊಂದು. ಆರ್.ಕೆ. ನಾರಾಯಣ್ ಬೆಂಗಳೂರಿನ ಅಜ್ಜಿ ಮನೆಯಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನದಂದು, ನೋಟ್‌ಬುಕ್ ತೆರೆದು ಕಾದಂಬರಿ ಬರೆಯಲು ಕೂತದ್ದು 1930ರಲ್ಲಿ. ಆಗ ಅವರ ಮನಸ್ಸಿನಲ್ಲಿ ಮಾಲ್ಗುಡಿ ಅನ್ನುವ ಕಲ್ಪನೆಯ ಊರು ಮೂಡಿದ್ದೇ ತನ್ನ ಪುಟ್ಟ ರೈಲು ನಿಲ್ದಾಣದ ಸಮೇತ. ಅವರೇ ಆಮೇಲೆ ಹೇಳಿಕೊಂಡ ಸಂಗತಿ ಇದು. 'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾದದ್ದು 1935ರಲ್ಲಿ. ಅಂದರೆ ಅಲ್ಲಿ ಕಾಗದದ ಮೇಲೆ ನಿಲ್ದಾಣ ಏಳುತ್ತಿದ್ದ ವರ್ಷಗಳಲ್ಲೇ ಇಲ್ಲಿ ಮಲೆನಾಡಿನ ಕಾಡಿನಲ್ಲಿ ನಿಜವಾದ ಹಳಿ ಹಾಸುತ್ತಿದ್ದರು. ಒಂದಕ್ಕೊಂದು ಗೊತ್ತಿಲ್ಲ. ಎರಡೂ ಭೇಟಿಯಾಗಲು ಅರ್ಧ ಶತಮಾನ ಬೇಕಾಯಿತು.

ನಾರಾಯಣ್ ಅವರಿಗೆ ರೈಲಿನ ಮೇಲೆ ಅದೇನು ಮೋಹವೋ. ಸ್ವಾಮಿಯ ಕಥೆ ಮುಗಿಯುವುದು ನಿಲ್ದಾಣದಲ್ಲೇ; ಊರು ಬಿಟ್ಟು ಹೊರಟ ಗೆಳೆಯ ರಾಜಮ್‌ಗೆ ಕೊಡಲು ಪುಸ್ತಕ ಹಿಡಿದು ಹುಡುಗ ಓಡುತ್ತಾನೆ. 1958ರ 'ಗೈಡ್'ನಲ್ಲಂತೂ ರೈಲೇ ಬಂದು ಊರಿನ ಹಣೆಬರಹ ಬದಲಿಸುತ್ತದೆ. ಮನೆ ಎದುರಿನ ಬಯಲಿನಲ್ಲಿ ಮಣ್ಣು ಸುರಿಯುತ್ತಾರೆ, ಹಳಿ ಬರುತ್ತದೆ, ಅಪ್ಪನಿಗೆ ಸ್ಟೇಷನ್ನಿನಲ್ಲಿ ಅಂಗಡಿ ಸಿಗುತ್ತದೆ, ಮಗ 'ರೈಲ್ವೆ ರಾಜು' ಆಗುತ್ತಾನೆ. ಹಳಿ ಹಾಕಲು ಬಂದ ಕೆಲಸಗಾರರ ಹತ್ತಿರ ಆಡಿಕೊಂಡಿದ್ದ ಹುಡುಗ ಬೈಗುಳ ಕಲಿತು ಮನೆಗೆ ತರುತ್ತಾನೆ, ಅದನ್ನು ಕೇಳಿದ ಅಪ್ಪ ಅವನನ್ನು ಶಾಲೆಗೆ ದಬ್ಬುತ್ತಾನೆ.

ಇಷ್ಟು ಹೇಳುವಾಗ ರಾಯರ ಮನೆಯವರು ಬಟ್ಟೆ ಒಣಹಾಕಲು ಬಂದಿದ್ದರು. "ನಮ್ಮನೆಯವ್ರೂ ಹಂಗೇ ಕಲ್ತಿದ್ದು" ಅಂದರು. ಅಕ್ಕನದು ಮಾತು ಕಡಿಮೆ, ಆಡಿದರೆ ಹೀಗೆ.

ರಾಯರು ಅದನ್ನು ಕೇಳಿಸಿಕೊಳ್ಳದವರಂತೆ ಒಳಗೆ ಹೋಗಿ ಹಳೆಯ ಪಂಚಾಂಗವೊಂದನ್ನು ತಂದರು. ನಡುವಿನಿಂದ ಒಂದು ರಟ್ಟಿನ ಟಿಕೆಟ್ ತೆಗೆದು ಬೇಲಿಯ ಮೇಲಿಂದ ನನ್ನ ಅಂಗೈಗಿಟ್ಟರು. ಎರಡು ಬೆರಳಗಲ, ಕಂದು ಬಣ್ಣ, ಅಂಚು ಸವೆದು ದುಂಡಗಾಗಿದೆ. ಊರಿನ ಹೆಸರು ಮಾಸಿದೆ, ತುದಿಯ ಸಂಖ್ಯೆ ಉಳಿದಿದೆ. ಬೆಳಕಿಗೆ ಹಿಡಿದರೆ ತಾರೀಖು ಒತ್ತಿದ ಗುರುತು ತಗ್ಗಾಗಿ ಕಾಣುತ್ತದೆ. ಮಸಿಯಲ್ಲಿ ಬರೆದದ್ದಲ್ಲ, ಕೌಂಟರಿನ ಕಬ್ಬಿಣದ ಯಂತ್ರದ ಸೀಳಿಗೆ ಟಿಕೆಟ್ ತೂರಿಸಿ 'ಟಕ್' ಎಂದು ಒತ್ತಿದ್ದು. ಟಿ.ಸಿ. ಕತ್ತರಿಸಿದ ಕಚ್ಚು ಒಂದು ಬದಿಗಿದೆ. ಎಡ್ಮಂಡ್‌ಸನ್ ಅನ್ನುವ ಇಂಗ್ಲಿಷ್ ಸ್ಟೇಷನ್ ಮಾಸ್ತರ ಹತ್ತೊಂಬತ್ತನೇ ಶತಮಾನದಲ್ಲಿ ಹುಡುಕಿದ ಉಪಾಯ ಇದು. ಅದಕ್ಕೆ ಮುಂಚೆ ಪ್ರತಿಯೊಬ್ಬರಿಗೂ ಕೈಯಲ್ಲಿ ಚೀಟಿ ಬರೆದುಕೊಡುತ್ತಿದ್ದರಂತೆ. ಮೊದಲೇ ಅಚ್ಚು ಹಾಕಿ ಕ್ರಮಸಂಖ್ಯೆ ಕೊಟ್ಟರೆ ಕೆಲಸವೂ ಬೇಗ, ಗುಮಾಸ್ತ ದುಡ್ಡು ಜೇಬಿಗಿಳಿಸುವ ದಾರಿಯೂ ಬಂದ್. ಸಂಜೆ ಕಟ್ಟಿನಲ್ಲಿ ಉಳಿದ ಮೊದಲ ಟಿಕೆಟ್ಟಿನ ಸಂಖ್ಯೆ ನೋಡಿದರೆ ದಿನದ ಲೆಕ್ಕ ಸಿಕ್ಕಿತು. ಕಂಪ್ಯೂಟರ್ ಬರುವವರೆಗೂ ನಮ್ಮ ದೇಶದ ಸಣ್ಣ ನಿಲ್ದಾಣಗಳೆಲ್ಲ ನಡೆದದ್ದು ಇದೇ ರಟ್ಟಿನ ಚೂರಿನ ಮೇಲೆ.

"ಇಳಿವಾಗ ವಾಪಸ್ ಕೊಡ್ಬೇಕಿತ್ತಲ್ಲ, ಇದು ನಿಮ್ಮತ್ರ ಹೆಂಗೆ ಉಳೀತು?" ಅಂದೆ.

ರಾಯರು ಟಿಕೆಟ್ ಕಸಿದುಕೊಂಡು ಪಂಚಾಂಗ ಮುಚ್ಚಿದರು.

ಟಿಕೆಟ್ಟಿಗಿಂತ ನನಗೆ ಇಷ್ಟವಾದದ್ದು ಟೋಕನ್ ಚೆಂಡು. ಒಂಟಿ ಹಳಿಯಲ್ಲಿ ಎದುರುಬದುರು ಗಾಡಿ ಬಂದರೆ ಗತಿಯೇನು? ಅದಕ್ಕೇ ಆಗ ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಒಂದು ಕೆಂಪು ಪೆಟ್ಟಿಗೆ. ಇಲ್ಲಿಯವರು ಮುಂದಿನ ನಿಲ್ದಾಣದವರಿಗೆ ಗಂಟೆ ಬಡಿದು ಕೇಳಬೇಕು. ಅವರು 'ದಾರಿ ಖಾಲಿ ಇದೆ' ಅಂತ ಅಲ್ಲಿಂದ ಒಪ್ಪಿಗೆ ಕೊಟ್ಟರೆ ಮಾತ್ರ ಇಲ್ಲಿನ ಪೆಟ್ಟಿಗೆಯಿಂದ ಒಂದು ಉಕ್ಕಿನ ಚೆಂಡು ಉರುಳಿ ಬೀಳುತ್ತದೆ. ಒಂದು ಹೊರಗಿದ್ದರೆ ಎರಡನೆಯದು ಬೀಳುವುದಿಲ್ಲ. ಆ ಚೆಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬಳೆಗೆ ಕಟ್ಟಿ, ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಎತ್ತಿ ಹಿಡಿದರೆ ಎಂಜಿನ್ನಿನವನು ಓಡುವ ಗಾಡಿಯಿಂದಲೇ ಬಳೆಗೆ ತೋಳು ತೂರಿಸಿ ಕಿತ್ತುಕೊಂಡು ಹೋಗುತ್ತಾನೆ. ಹಿಂದಿನದನ್ನು ಎಸೆಯುತ್ತಾನೆ. ಆ ಬಳೆ ಮಳೆಗಾಲದಲ್ಲಿ ಪೊದೆಯೊಳಗೆ ಬಿದ್ದರೆ ಪೋರ್ಟರ್ ಜಿಗಣೆ ಕಚ್ಚಿಸಿಕೊಂಡು ಹುಡುಕಬೇಕು. ಚೆಂಡು ಕೈಗೆ ಬಾರದೆ ಡ್ರೈವರ್ ಒಂದು ಅಡಿಯೂ ಮುಂದೆ ಹೋಗುವಂತಿಲ್ಲ, ಒಳಗೆ ಮಂತ್ರಿಯೇ ಕೂತಿರಲಿ. ನಮ್ಮಲ್ಲಿ ಎಷ್ಟೋ ಕಾನೂನು ಬಂದವು, ಇಷ್ಟು ಚೆನ್ನಾಗಿ ಪಾಲನೆಯಾದ ಇನ್ನೊಂದನ್ನು ನಾನು ಕಾಣೆ.

ಇಂಥ ಕಾಲದ ಕೊನೆಯ ಭಾಗದಲ್ಲಿ ಶಂಕರ್ ನಾಗ್ ಬಂದರು. ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್' ಮಾಡುವಾಗ ಅವರಿಗೆ ಸ್ವಾತಂತ್ರ್ಯಪೂರ್ವದ ಊರು ಬೇಕಿತ್ತು. ಊರಿಗೆ ಆಗುಂಬೆ ಸಿಕ್ಕಿತು. ಆಗುಂಬೆಗೆ ರೈಲಿಲ್ಲ, ಮಳೆ ಮಾತ್ರ. ಮಾಲ್ಗುಡಿಗೆ ನಿಲ್ದಾಣ ಬೇಕೇ ಬೇಕು. ಅದಕ್ಕೆ ಅರಸಾಳು ಒದಗಿತು: ಹೆಂಚಿನ ಮಾಡಿನ ಪುಟ್ಟ ಕಟ್ಟಡ, ಮೀಟರ್ ಗೇಜ್ ಹಳಿ, ಸುತ್ತ ಮರ, ಜನಜಂಗುಳಿ ಇಲ್ಲ, ಹೊಗೆ ಬಂಡಿ ಇನ್ನೂ ತೆರೆಮರೆಗೆ ಸರಿದಿರಲಿಲ್ಲ. ಬೋರ್ಡು ಬದಲಿಸಿದರೆ 1930ರ ದಶಕ ಸಿದ್ಧ. 1986-87ರಲ್ಲಿ ಧಾರಾವಾಹಿ ಬಂತು. ಮಾಸ್ಟರ್ ಮಂಜುನಾಥ್ ದೇಶಕ್ಕೆಲ್ಲ ಸ್ವಾಮಿಯಾದ, ಗಿರೀಶ್ ಕಾರ್ನಾಡ್ ಅವನಪ್ಪ, ಎಲ್. ವೈದ್ಯನಾಥನ್ ಕೊಟ್ಟ ರಾಗವನ್ನು ಈಗಲೂ ಜನ ಗುನುಗುತ್ತಾರೆ. ಹಿಂದಿ ಧಾರಾವಾಹಿ, ಇಂಗ್ಲಿಷ್ ಪುಸ್ತಕ, ತೆರೆಯ ಮೇಲೆ ಕಂಡದ್ದು ಮಾತ್ರ ಪಕ್ಕಾ ಶಿವಮೊಗ್ಗ ಜಿಲ್ಲೆ. ಡೆಲ್ಲಿಯವರು ಮಾಲ್ಗುಡಿ ಎಲ್ಲಿದೆ ಅಂತ ನಕ್ಷೆ ಹುಡುಕುವಾಗ ಅರಸಾಳಿನವರು ಅದೇ ಬೆಂಚಿನ ಮೇಲೆ ಕೂತು ಶಿವಮೊಗ್ಗದ ಗಾಡಿ ಕಾಯುತ್ತಿದ್ದರು.

ಶಂಕರ್ ನಾಗ್ 1990ರಲ್ಲಿ ಹೋಗಿಬಿಟ್ಟರು. ಹೊಗೆ ಬಂಡಿಯೂ ಹೋಯಿತು. ನಮ್ಮ ದಾರಿಗೆ ಬಂದದ್ದು ರೈಲ್ ಬಸ್ಸು!

ಈ ರೈಲ್ ಬಸ್ಸನ್ನು ಕಾಣದ ಮಕ್ಕಳಿಗೆ ಅದನ್ನು ವಿವರಿಸುವುದು ಕಷ್ಟ. ಬೆಂಗಳೂರಿನ ಬಿಇಎಂಎಲ್‌ನವರು ಮಾಡಿದ್ದು. ಹಳಿಯ ಮೇಲೆ ಓಡುವುದರಿಂದ ರೈಲು. ಎಂಜಿನ್ ಬೇರೆ ಬೋಗಿ ಬೇರೆ ಅಂತಿಲ್ಲದೆ ಒಂದೇ ಡಬ್ಬಿಯಾದ್ದರಿಂದ ಬಸ್ಸು. ಜನ ಕಡಿಮೆ ಇರುವ ದಾರಿಗೆ ಪೂರ್ತಿ ರೈಲು ಓಡಿಸಿದರೆ ನಷ್ಟ ಅಂತ ಕಂಡುಕೊಂಡ ಪರಿಹಾರ. ಗಾಂಭೀರ್ಯ ಸ್ವಲ್ಪವೂ ಇಲ್ಲ. ರಾಯರಿಗೆ ಅದು ಅವಮಾನ ಅನ್ನಿಸಿತ್ತು. "ಜೋಗಕ್ಕೆ ಯಂತ್ರ ಹೊತ್ತ ಹಳಿ ಮೇಲೆ ಇದೆಂತದು ಮಾರಾಯ, ಬೆಂಕಿಪೊಟ್ಟಣ" ಅನ್ನುತ್ತಿದ್ದರು. ನಾನು ಆ ಬೆಂಕಿಪೊಟ್ಟಣದ ಪರ. ಕುಲುಕಾಡಿದರೂ ಬರುತ್ತಿತ್ತು, ಊರಿನವರನ್ನು ಹತ್ತಿಸಿಕೊಳ್ಳುತ್ತಿತ್ತು. ಅದೂ ಇಲ್ಲದಿದ್ದರೆ ಈ ದಾರಿಯನ್ನೇ ಮುಚ್ಚಿ ಹಳಿ ಕಿತ್ತು ಗುಜರಿಗೆ ಹಾಕುತ್ತಿದ್ದರೇನೋ. ಮುಚ್ಚಿಹೋದ ಸಣ್ಣ ರೈಲು ದಾರಿ ನಮ್ಮ ಪಕ್ಕದಲ್ಲೇ ಇತ್ತಲ್ಲ, ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದದ್ದು. ಈಗ ಅದರ ಸುಳಿವಿಲ್ಲ.

ಆಮೇಲೆ ಗೇಜ್ ಬದಲಾವಣೆ. ಒಂದು ಮೀಟರಿನ ಹಳಿ ಕಿತ್ತು 1,676 ಮಿಲಿಮೀಟರಿನ ಬ್ರಾಡ್ ಗೇಜ್ ಹಾಕುವವರೆಗೆ ಕೆಲವು ವರ್ಷ ನಮಗೆ ಗಾಡಿಯೇ ಇರಲಿಲ್ಲ. 2011ರಲ್ಲಿ ತಾಳಗುಪ್ಪದವರೆಗೆ ದೊಡ್ಡ ಗಾಡಿ ಬಂತು. ರಾತ್ರಿ ಸಾಗರದಲ್ಲಿ ಮಲಗಿದರೆ ಬೆಳಗಾಗುವಾಗ ಬೆಂಗಳೂರು. ಹಿಂದೆ ಬೀರೂರಿನಲ್ಲಿ ಟ್ರಂಕು ಇಳಿಸಿ ಗಾಡಿ ಬದಲಿಸಿದವರಿಗೆ ಗೊತ್ತು ಇದರ ಬೆಲೆ.

ದೊಡ್ಡ ಗಾಡಿಯ ಜೊತೆ ಅರಸಾಳಿಗೆ ಹೊಸ ಕಟ್ಟಡ ಬಂತು. ಹಳೆಯದು ಖಾಲಿ ಬಿತ್ತು. ಮಲೆನಾಡಿನ ಮಳೆಗೆ ಖಾಲಿ ಮನೆಯನ್ನು ಬಿಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಹೆಂಚು ಜಾರುತ್ತದೆ, ಗೋಡೆಗೆ ಪಾಚಿ ಹತ್ತುತ್ತದೆ. ಅದನ್ನು ಉಳಿಸಿದ್ದು ಮಾಲ್ಗುಡಿ. ನೈಋತ್ಯ ರೈಲ್ವೆಯ ಮೈಸೂರು ವಿಭಾಗದವರು ಕಟ್ಟಡ ದುರಸ್ತಿ ಮಾಡಿಸಿ, ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರನ್ನೇ ಕರೆಸಿ, 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಹಳೆಯ ಬೋಗಿಯೊಂದನ್ನು ತಂದು ಚಹಾ ಅಂಗಡಿಯ ರೂಪ ಕೊಟ್ಟರು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೋಡಿ, ಕಾಡಿನ ದಿಮ್ಮಿ, ಜೋಗದ ಯಂತ್ರ, ಎಂಬತ್ತು ವರ್ಷ ಹತ್ತಿಳಿದ ಜನ, ಇವ್ಯಾವುದೂ ಆ ಗೋಡೆಗಳನ್ನು ಉಳಿಸುವಷ್ಟು ಭಾರವಾಗಲಿಲ್ಲ. ಕೆಲವು ದಿನ ಶೂಟಿಂಗ್ ನಡೆದದ್ದು ಉಳಿಸಿತು. ಇಲ್ಲದ ಊರೊಂದು ಇರುವ ಊರಿನ ಕಟ್ಟಡ ಕಾಪಾಡಿತು.

"ಹಂಗಾರೆ ನಮ್ಮ ಸಾಗರದ ಸ್ಟೇಷನ್ ಎಂತ ಕಡ್ಮೆ?" ರಾಯರಿಗೆ ಊರಿನ ಅಭಿಮಾನ ಕೆರಳಿತು. "ಕಾಗೋಡು ಸತ್ಯಾಗ್ರಹದಲ್ಲಿ ಲೋಹಿಯಾನ ಅರೆಸ್ಟ್ ಮಾಡಿದ್ದು ಇಲ್ಲೇ ಅಲ್ದಾ!"

ನಿಜ. 1951ರಲ್ಲಿ ಗೇಣಿದಾರರ ಹೋರಾಟಕ್ಕೆ ಬಂದ ರಾಮಮನೋಹರ ಲೋಹಿಯಾ ಅವರನ್ನು ಬಂಧಿಸಿದ್ದು ಸಾಗರದ ರೈಲು ನಿಲ್ದಾಣದಲ್ಲಿ. 'ಉಳುವವನೇ ಹೊಲದೊಡೆಯ' ಅನ್ನುವ ಕಾನೂನಿನ ಬೇರು ಹುಡುಕುತ್ತ ಹೋದರೆ ಕಾಗೋಡಿಗೆ ಬರಬೇಕು, ಆ ದಾರಿಯಲ್ಲಿ ನಮ್ಮ ಪ್ಲಾಟ್‌ಫಾರಂ ಸಿಗುತ್ತದೆ. ಇದಕ್ಕೆ ಧಾರಾವಾಹಿ ಬಂದಿದ್ದರೆ ಕತೆಯೇ ಬೇರೆ ಆಗುತ್ತಿತ್ತು. ಸ್ವಾಮಿಗೆ ಸಿಕ್ಕ ಅದೃಷ್ಟ ಲೋಹಿಯಾ ಅವರಿಗೆ ಸಿಕ್ಕಿಲ್ಲ.

ಇನ್ನೊಂದು ತಮಾಷೆ ಕೇಳಿ. ರೈಲ್ವೆಯವರು 'ಮಾಲ್ಗುಡಿ ಎಕ್ಸ್‌ಪ್ರೆಸ್' ಅಂತ ಒಂದು ಗಾಡಿಗೆ ಹೆಸರಿಟ್ಟರು. ಅದು ಓಡಿದ್ದು ಮೈಸೂರು-ಬೆಂಗಳೂರು ಕಡೆ. ನಾರಾಯಣ್ ಬಾಳಿದ ಊರು ಮೈಸೂರು, ಹೆಸರು ಅಲ್ಲಿಗೆ ನ್ಯಾಯವೇ. ಆದರೂ ಮಾಲ್ಗುಡಿ ಎಕ್ಸ್‌ಪ್ರೆಸ್ ಮಾಲ್ಗುಡಿ ನಿಲ್ದಾಣದ ಮುಖ ನೋಡಲಿಲ್ಲ.

ಮೂಲ ಪ್ರಶ್ನೆಗೆ ಬರೋಣ. ಅರಸಾಳಿನಲ್ಲಿ ಗಾಡಿ ನಿಲ್ಲುತ್ತದೆಯೇ? ಪ್ಯಾಸೆಂಜರ್ ನಿಲ್ಲುತ್ತದೆ, ಅದು ನಿಲ್ಲಲೆಂದೇ ಹುಟ್ಟಿದ ಗಾಡಿ. ಜಗಳ ಇರುವುದು ಎಕ್ಸ್‌ಪ್ರೆಸ್, ಇಂಟರ್‌ಸಿಟಿಗಳದ್ದು. ಬೆಳಿಗ್ಗೆ ಶಿವಮೊಗ್ಗದ ಕಾಲೇಜಿಗೆ ಹೋಗುವ ಮಕ್ಕಳು, ಕೋರ್ಟಿನ ವಾಯಿದೆಗೆ ಹೋಗುವವರು, ಮೆಗ್ಗಾನ್ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಬೇಕಾದವರು, ಇವರಿಗೆ ಮ್ಯೂಸಿಯಂ ಬೇಡ, ಎರಡು ನಿಮಿಷದ ನಿಲುಗಡೆ ಬೇಕು. ಅದಕ್ಕಾಗಿ ಮನವಿ ಕೊಟ್ಟರು, ಸಂಸದರ ಹತ್ತಿರ ಹೋದರು. ರೈಲ್ವೆಯ ಪದ್ಧತಿ ಏನೆಂದರೆ ಇಂಥ ಕಡೆ ಮೊದಲು 'ಪ್ರಾಯೋಗಿಕ ನಿಲುಗಡೆ' ಕೊಡುವುದು. ಆರು ತಿಂಗಳು ನಿಲ್ಲಿಸಿ, ಆ ನಿಲ್ದಾಣದಲ್ಲಿ ಎಷ್ಟು ಟಿಕೆಟ್ ಹರಿಯಿತು ನೋಡಿ, ಮುಂದುವರಿಸುವುದೋ ಬಿಡುವುದೋ ತೀರ್ಮಾನ. ಒಂದು ಗಾಡಿಯನ್ನು ನಿಲ್ಲಿಸಿ ಮತ್ತೆ ಓಟಕ್ಕೆ ತರಲು ಇಂಧನ ಬೇಕು, ಸಮಯ ಬೇಕು, ಅವರ ಲೆಕ್ಕ ಸುಳ್ಳಲ್ಲ. ಆದರೆ ಅವರ ಲೆಕ್ಕಕ್ಕೆ ಸಿಗುವುದು ಟಿಕೆಟ್ ಮಾತ್ರ. ಮ್ಯೂಸಿಯಂ ಎದುರು ನಿಂತ ಕಾರುಗಳನ್ನು ಅವರು ಎಣಿಸುವುದಿಲ್ಲ. ವಾರದ ಕೊನೆಗೆ ಎಷ್ಟೇ ಜನ ಬಂದು 'ಮಾಲ್ಗುಡಿ' ಬೋರ್ಡಿನ ಕೆಳಗೆ ಸೆಲ್ಫಿ ತೆಗೆಸಿಕೊಂಡರೂ ಕೌಂಟರಿನ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ.

ಮ್ಯೂಸಿಯಂ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಗಾಡಿ ನಿಲ್ಲದಿದ್ದರೆ ಮಾತ್ರ ಅದು ನಿಲ್ದಾಣ ಅಲ್ಲ, ಸೆಟ್ಟು. ಶಂಕರ್ ನಾಗ್ ಅಲ್ಲಿಗೆ ಹೋದದ್ದು ಸೆಟ್ ಹಾಕುವುದು ಬೇಡ, ಜೀವ ಇರುವ ನಿಲ್ದಾಣವೇ ಸಿಕ್ಕಿದೆ ಅಂತ.

ರಾಯರು ಇಷ್ಟಾದ ಮೇಲೂ "ಕಾರಲ್ಲಾದ್ರೆ ಹುಂಚಕ್ಕೂ ಹೋಗಿ ಪದ್ಮಾವತಿ ದರ್ಶನ ಮಾಡ್ಕಂಡು ಬರ್ಬಹುದಿತ್ತು" ಅಂತ ರಾಗ ಎಳೆದರು. ಹುಂಚಕ್ಕೆ ಇನ್ನೊಂದು ದಿನ ಹೋಗಬಹುದು.

ನೀವೂ ಮಾಲ್ಗುಡಿ ನೋಡಲು ಈ ಕಡೆ ಬರುವವರಾದರೆ ನನ್ನದೊಂದು ಕೋರಿಕೆ. ವೇಳಾಪಟ್ಟಿ ನೋಡಿ, ಅರಸಾಳಿನಲ್ಲಿ ನಿಲ್ಲುವ ಗಾಡಿಗೇ ಬನ್ನಿ. ವಾಪಸ್ ಹೋಗುವ ಟಿಕೆಟ್ಟನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಡಿ, ಅರಸಾಳಿನ ಕೌಂಟರಿನಲ್ಲೇ ದುಡ್ಡು ಕೊಟ್ಟು ತೆಗೆಸಿ. ನಿಮಗೆ ಅದು ಕೆಲವು ರೂಪಾಯಿಯ ಮಾತು, ಅಲ್ಲಿನವರಿಗೆ ನಾಳೆಯೂ ಗಾಡಿ ನಿಲ್ಲುತ್ತದೋ ಇಲ್ಲವೋ ಅನ್ನುವ ಮಾತು.